ಏಳನೇ ನಂಬರಿನ ರವಿಕೆ ಕಾಗದ

ನಮ್ಮ ಅತ್ತಿಗೆ ಸುಜೀವಾ ಮೊದಲಿನಿಂದಲೂ ಹಗಲುಗನಸಿನವಳು. ಹೊಗಳಿಕೆಗೆ ಹೇಳುತ್ತಿಲ್ಲ. ಒಲೆಯ ಮೇಲೆ ಹಾಲಿಟ್ಟು, ಕಿಟಕಿಯಾಚೆ ಬೀದಿಯಲ್ಲಿ ಹೋಗುವ ಹೆಂಗಸರ ಬೆನ್ನು ನೋಡುತ್ತ ನಿಂತುಬಿಡುತ್ತಿದ್ದಳು. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದು ನೆಲಕ್ಕೆ ಬಂದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ನಾನು ರೇಗಿದರೆ, ಆಗ ತಾನೇ ಎದ್ದವಳಂತೆ ತಿರುಗಿ, ಆ ಹಸಿರು ಸೀರೆಯವಳ ತೋಳು ಎಷ್ಟು ಬಿಗಿ ಇದೆ ನೋಡಿದೆಯಾ ಎಂದು ನನ್ನನ್ನೇ ಕೇಳುತ್ತಿದ್ದಳು. ಯಾರಿಗೆ ಬೇಕಾಗಿತ್ತು ಹಸಿರು ಸೀರೆಯವಳ ತೋಳು? ನೆಲ ಒರೆಸುವವಳು ನಾನು.

ಅವಳು ಶ್ರೀಲಂಕಾದವಳು. ಅವಳ ಊರಿಗೆ ಸಮುದ್ರ ಎಷ್ಟು ಹತ್ತಿರವೆಂದರೆ ಹೊರಗೆ ಒಣಗಲು ಹಾಕಿದ ಬಟ್ಟೆಯನ್ನು ನಾಲಿಗೆಗೆ ತಾಕಿಸಿದರೆ ಉಪ್ಪುಪ್ಪಾಗಿರುತ್ತದಂತೆ. ನಮ್ಮಣ್ಣ ಭಾನುಪ್ರಕಾಶ್ ಗೌರಿಬಿದನೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರದ ಮೆಕ್ಯಾನಿಕ್ ಆಗಿದ್ದವನು, ಅಲ್ಲಿಂದ ಜೋರ್ಡಾನ್ ದೇಶದ ಫ್ಯಾಕ್ಟರಿಗೆ ಹೋದ. ಅಲ್ಲಿ ಅವಳು ಪ್ಯಾಟ್ರನ್ ವಿಭಾಗದಲ್ಲಿದ್ದಳು. ಬಟ್ಟೆಗೆ ಕತ್ತರಿ ಬೀಳುವ ಮೊದಲು ಕಾಗದದಲ್ಲಿ ಅದರ ಆಕಾರ ಬರೆದು ಕತ್ತರಿಸಿಕೊಡುವ ಕೆಲಸ. ಇವನು ಯಂತ್ರ ರಿಪೇರಿ ಮಾಡಲು ಹೋದವನು ಮದುವೆಯಾಗಿ ಬಂದ. 2015ರಲ್ಲಿ ಶಿಡ್ಲಘಟ್ಟದ ನಮ್ಮ ಮನೆಯ ಮುಂದೆ ಆಟೋ ನಿಂತಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಆರತಿ ಎತ್ತಲಿಲ್ಲ, ಒಳಗೆ ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ನಮ್ಮಮ್ಮ ಆಂಜಿನಮ್ಮನನ್ನು ಮೀರಿಸಿದವರಿಲ್ಲ.

ನಮ್ಮ ಮನೆಗೆ ಬುದ್ಧ ಬಂದು ಆಗ ಮೂವತ್ತು ವರ್ಷವಾಗಿತ್ತು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡು ನನಗೆ ಸಂಘಮಿತ್ರ ಅಂತ ಹೆಸರಿಟ್ಟಿದ್ದ. ಅತ್ತಿಗೆಯ ತವರಿನಲ್ಲಿ ಬುದ್ಧ ಎರಡು ಸಾವಿರ ವರ್ಷದಿಂದ ಇದ್ದಾನೆ. ಹುಣ್ಣಿಮೆಯ ದಿನ ಬಿಳಿ ಸೀರೆ ಉಟ್ಟು, ಪಟದ ಮುಂದೆ ಕಣ್ಣು ಮುಚ್ಚಿ ಅವಳು ಕೂತರೆ ಎದ್ದೇಳುವ ಹೊತ್ತಿಗೆ ಸಾರು ತಳ ಹಿಡಿದಿರುತ್ತಿತ್ತು. ಅಪ್ಪ ಇದ್ದಿದ್ದರೆ ಹಿಗ್ಗುತ್ತಿದ್ದ. ಅಮ್ಮ ಮಾತ್ರ, ಗಂಡ ಬದುಕಿರುವವಳು ಬಿಳಿ ಸೀರೆ ಯಾಕೆ ಉಡಬೇಕು ಎಂದು ಪಾತ್ರೆಗಳನ್ನು ಕೇಳುತ್ತಿದ್ದಳು. ನಾನು ಅತ್ತಿಗೆಗಿಂತ ಒಂದು ವರ್ಷ ಚಿಕ್ಕವಳು. ಮೊದಲೆರಡು ವರ್ಷ ಕೋಪಕ್ಕೆ ಅವಳನ್ನು ಏಕವಚನದಲ್ಲಿ ಕರೆದೆ, ಆಮೇಲೆ ಸಲುಗೆಗೆ. ಮಧ್ಯದಲ್ಲಿ ಯಾವಾಗ ಬದಲಾಯಿತೋ ನನಗೂ ಗೊತ್ತಿಲ್ಲ. ಚಿಂತಾಮಣಿಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತ ಅಲ್ಲೇ ಸಂಸಾರ ಹೂಡಿದ್ದರೂ ಶನಿವಾರ ಬಂದರೆ ಶಿಡ್ಲಘಟ್ಟದ ಬಸ್ಸು ಹತ್ತುತ್ತಿದ್ದೆ. ಅಮ್ಮನನ್ನು ನೋಡಲು ಎಂದು ಹೇಳಿಕೊಳ್ಳುತ್ತಿದ್ದೆ.

ನಮ್ಮ ಕಡೆ ಹೆಂಗಸರು ದರ್ಜಿಗೆ ಮೈ ಅಳತೆ ಕೊಡುವುದಿಲ್ಲ, ಅಳತೆ ರವಿಕೆ ಕೊಡುತ್ತಾರೆ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆಯನ್ನು ಹೊಸ ಬಟ್ಟೆಯ ಜೊತೆ ಸುತ್ತಿ ಕೊಟ್ಟುಬಂದರೆ ಮುಗಿಯಿತು. ಅತ್ತಿಗೆಗೆ ಇದು ಅರ್ಥವಾಗಲು ಬಹಳ ದಿನ ಬೇಕಾಯಿತು. ಅರ್ಥವಾದ ದಿನ ಅಮ್ಮನ ಆರು ರವಿಕೆಗಳನ್ನು ಚಾಪೆಯ ಮೇಲೆ ಸಾಲಾಗಿ ಹಾಸಿ, ಮಧ್ಯಾಹ್ನವೆಲ್ಲ ಒಬ್ಬಳೇ ನೋಡುತ್ತ ಕೂತಿದ್ದಳು. ಆರನೆಯದು ಐದನೆಯದರ ನಕಲು, ಐದನೆಯದು ನಾಲ್ಕನೆಯದರದು. ಹೀಗೆ ಹಿಂದೆ ಹಿಂದೆ ಹೋದರೆ ಮದುವೆಯ ವರ್ಷದ ಹುಡುಗಿಯೊಬ್ಬಳು ಸಿಗುತ್ತಾಳೆ, ಎಲ್ಲ ದರ್ಜಿಗಳೂ ಇವತ್ತಿಗೂ ಆ ಹುಡುಗಿಗೇ ಹೊಲಿಯುತ್ತಿದ್ದಾರೆ ಎಂದಳು. ಹೇಳುವಾಗ ಅವಳ ದನಿ ತಗ್ಗಿತ್ತು. ನನಗೆ ಯಾಕೋ ಅಳು ಬಂತು, ಅದಕ್ಕೇ ಬೈದೆ.

ಅಮ್ಮ ಆ ಹುಡುಗಿ ಆಗಿರಲಿಲ್ಲ. ನಲವತ್ತು ವರ್ಷ ರೇಷ್ಮೆ ನೂಲು ತೆಗೆಯುವ ಮನೆಗಳಲ್ಲಿ ಚರಕ ತಿರುಗಿಸಿದವಳು. ಬಿಸಿನೀರಿನಲ್ಲಿ ಬೇಯುವ ಗೂಡಿನಿಂದ ಇನ್ನೊಬ್ಬಳು ಎಳೆ ಹಿಡಿದು ಕೊಟ್ಟರೆ, ಬಲಗೈಯಲ್ಲಿ ಹಿಡಿಕೆ ತಿರುಗಿಸುತ್ತಲೇ ಇರಬೇಕು. ಮೋಟಾರು ಬರುವ ಹೊತ್ತಿಗೆ ಅಮ್ಮನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಅದನ್ನು ಅವಳು ಸೆರಗು ಹೊದ್ದು ಮುಚ್ಚಿಕೊಂಡಿದ್ದಳು. ಎಂಥ ಬೇಸಿಗೆಯಲ್ಲೂ ಭುಜದ ಮೇಲಿಂದ ಸೆರಗು ಇಳಿದದ್ದನ್ನು ನಾನು, ಮಗಳು, ನೋಡಿದವಳಲ್ಲ. ಅತ್ತಿಗೆ ಬಟ್ಟೆಯ ಮೇಲಿಂದಲೇ ನೋಡಿಬಿಟ್ಟಳು. ಒಂದು ದಿನ ಟೇಪು ಹಿಡಿದು ಹತ್ತಿರ ಹೋದಳು. ಅಮ್ಮ ಬಿಸಿ ಪಾತ್ರೆ ತಾಕಿದವಳಂತೆ ಸರಿದು, ನಾನಿನ್ನೂ ಸತ್ತಿಲ್ಲ, ಈಗಲೇ ಅಳೆಯೋದೇನೂ ಬೇಡ ಎಂದು ಹಿತ್ತಲಿಗೆ ಹೋದಳು. ಆಮೇಲೆ ಟೇಪು ಅಮ್ಮನ ಎದುರಿಗೆ ಬರಲಿಲ್ಲ.

ನಮ್ಮ ಬೀದಿಯಲ್ಲಿ ಹೊಲಿಗೆ ಯಂತ್ರವಿಲ್ಲದ ಮನೆ ಕಡಿಮೆ. ಮದುವೆಗೆ ಬಂದದ್ದು, ಸಂಘದ ಸಾಲದಲ್ಲಿ ಬಂದದ್ದು, ಎಲ್ಲ ಹೂವಿನ ಬಟ್ಟೆ ಹೊದ್ದು ಮೂಲೆಯಲ್ಲಿ ಕೂತಿರುತ್ತವೆ. ಸೀರೆಗೆ ಫಾಲ್ ಹಾಕಲು, ದಿಂಬಿನ ಚೀಲ ಹೊಲಿಯಲು ಮಾತ್ರ ಎಚ್ಚರವಾಗುತ್ತವೆ. ಯಾಕೆ ರವಿಕೆ ಹೊಲಿದುಕೊಳ್ಳುವುದಿಲ್ಲ ಎಂದು ಅತ್ತಿಗೆ ತನ್ನ ಮುರುಕು ಕನ್ನಡದಲ್ಲಿ ಮನೆ ಮನೆಗೆ ಹೋಗಿ ಕೇಳಿದಳು. ಎಲ್ಲರದೂ ಒಂದೇ ಉತ್ತರ: ಹೊಲಿಯೋಕೆ ಬರ್ತದಮ್ಮ, ಕತ್ತರಿ ಹಾಕೋಕೆ ಭಯ. ಆವತ್ತು ಅವಳು ನಡೆದು ಬಂದ ರೀತಿ ನನಗಿನ್ನೂ ಕಣ್ಣಲ್ಲಿದೆ. ಬಿಸಿಲಿನಲ್ಲಿ ಚಪ್ಪಲಿಯಿಲ್ಲದೆ ಬರುತ್ತಿದ್ದಳು, ಯಾರದೋ ಮನೆಯಲ್ಲಿ ಮರೆತು. ಭಯವನ್ನು ನಾನು ಇಟ್ಟುಕೊಳ್ಳುತ್ತೇನೆ, ಅವರು ಹೊಲಿದುಕೊಳ್ಳಲಿ ಎಂದಳು.

ಹಾಗೆ ಶುರುವಾಯಿತು. ಮಹಡಿಯ ಕೋಣೆಯಲ್ಲಿ ಕಂದು ಕಾಗದ ಹಾಸಿ, ಬೆನ್ನು, ಎದೆ, ತೋಳು ಬರೆದು, ಕತ್ತರಿಸಿ, ಗೆರೆಯ ಮೇಲೆ ಎಲ್ಲಿ ಹೊಲಿಗೆ, ಎಲ್ಲಿ ಮಡಿಕೆ ಎಂದು ಚುಕ್ಕಿ ಹಾಕಿ, ಕವರಿಗೆ ತುಂಬಿಡುತ್ತಿದ್ದಳು. ಕೊಂಡವರು ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದಲ್ಲಿ ಗೀಚಿ ಕತ್ತರಿಸಿದರಾಯಿತು. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅದುವರೆಗೆ ಯಾರೂ ಹಾಗೆ ಮಾಡಿ ಮಾರಿದ್ದನ್ನು ನಾನು ಕಾಣೆ. ದೊಡ್ಡ ಹಾಳೆಯ ಜೆರಾಕ್ಸಿಗೆ ಅಣ್ಣ ಚಿಕ್ಕಬಳ್ಳಾಪುರಕ್ಕೆ ಹೋಗಿಬರುತ್ತಿದ್ದ. ಒಂದರಿಂದ ಆರನೇ ನಂಬರಿನವರೆಗೆ ಆರು ಅಳತೆ. ಮೊದಲ ಗಿರಾಕಿಗಳು ನಮ್ಮ ಸ್ಕೂಲಿನ ಟೀಚರುಗಳು. ನಾನು ಸ್ವಲ್ಪ ಹೆದರಿಸಿಯೇ ಕೊಳ್ಳಿಸಿದೆ ಅನ್ನಿ. ಗೌರಿಬಿದನೂರಿನ ಒಂದು ಗುಂಡಿ-ದಾರದ ಅಂಗಡಿ, ಚಿಂತಾಮಣಿಯ ಒಂದು ಅಂಗಡಿ ಇಟ್ಟುಕೊಂಡವು.

ಆ ಕೋಣೆಗೆ ಹೋದರೆ ನನಗೆ ನಿದ್ದೆ ಬಂದಂತಾಗುತ್ತಿತ್ತು. ದಾರ ಕಟ್ಟಿ, ಕ್ಲಿಪ್ಪು ಹಾಕಿ, ಕಾಗದಗಳನ್ನೆಲ್ಲ ತೂಗುಹಾಕಿರುತ್ತಿದ್ದಳು. ಸಂಜೆಯ ಬಿಸಿಲು ಬಂದರೆ ಕಾಗದಗಳು ಮೈಬಣ್ಣಕ್ಕೆ ತಿರುಗುತ್ತಿದ್ದವು. ಗಾಳಿ ಬಂದರೆ ಒಂದರ ಕಡೆ ಒಂದು ತಿರುಗಿ ಏನೋ ಮಾತಾಡಿಕೊಳ್ಳುತ್ತಿದ್ದವು. ಅವಳು ಮಧ್ಯದಲ್ಲಿ ಪೆನ್ಸಿಲ್ ಕಚ್ಚಿಕೊಂಡು ಕೂತಿರುತ್ತಿದ್ದಳು. ಕೆಳಗಿನ ಬೀದಿಯಿಂದ ಬೇಯುವ ಗೂಡಿನ ವಾಸನೆ ಬರುತ್ತಿತ್ತು. ಅವಳಿಗೆ ಅದು ಮೀನು ಒಣಗಿಸುವ ತನ್ನೂರಿನ ದಡದ ನೆನಪು ತರುತ್ತದೆ ಎಂದು ಒಮ್ಮೆ ಹೇಳಿದ್ದಳು. ಜೋರ್ಡಾನಿನಲ್ಲಿ ಹನ್ನೆರಡು ವರ್ಷ ಕಾಣದ ಹೆಂಗಸರಿಗೆ ಅಳತೆ ಬರೆದೆ, ಕನಸಿನಲ್ಲಿ ಅವರಿಗೆ ಮುಖ ಇರುತ್ತಿರಲಿಲ್ಲ, ಈಗ ಬರುವವರಿಗೆಲ್ಲ ಮುಖ ಇದೆ, ಹೆಸರೂ ಇದೆ ಎಂದೂ ಹೇಳಿದಳು. ನಾನು ಕೆಳಗಿಳಿದು ಕಾಫಿ ತಂದುಕೊಟ್ಟೆ.

ಏಳನೇ ನಂಬರು ಬಂದದ್ದು ಪಕ್ಕದ ಮನೆಯ ಹಮೀದಾ ಬೇಗಂ ಅವರಿಂದ. ಅವರೂ ಅಮ್ಮನ ಜೊತೆ ಚರಕ ತಿರುಗಿಸಿದವರು, ಅವರದೂ ಅದೇ ಭುಜ. ಅವರಿಗೆ ಟೇಪಿನ ಭಯವಿರಲಿಲ್ಲ. ಅಳತೆ ಕೊಟ್ಟರು. ಅತ್ತಿಗೆ ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಕಾಗದ ಬರೆದಳು. ಎಡದ್ದು ಎತ್ತರ, ಬಲದ್ದು ತಗ್ಗು. ಹೊಲಿದು ತೊಟ್ಟ ದಿನ ಹಮೀದಾ ಬೇಗಂ ನಮ್ಮ ಜಗುಲಿಯಲ್ಲಿ ಕೂತು ಎರಡು ಕೈಯನ್ನೂ ಮೇಲೆತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ಮೂವತ್ತು ವರ್ಷದಿಂದ ಕುತ್ತಿಗೆಯ ಹತ್ತಿರ ಕಚ್ಚುತ್ತಿದ್ದದ್ದು ವಯಸ್ಸಲ್ಲ, ರವಿಕೆ ಎಂದರು. ಅಮ್ಮ ಎಲ್ಲ ನೋಡಿಯೂ ಅವರೆಕಾಯಿ ಬಿಡಿಸುತ್ತಿದ್ದಳು.

ಅತ್ತಿಗೆ ಕವರಿನ ಮೇಲೆ "ಬಲಭುಜ ಇಳಿದವರಿಗೆ" ಎಂದು ಬರೆಯಲು ಹೊರಟಾಗ ಮಾತ್ರ ಅಮ್ಮ ಬಾಯಿ ಬಿಟ್ಟಳು.

"ಏಮ್ಮಾ, ನಿಂಗೆ ಬುದ್ಧಿ ಐತಾ? ಸೊಟ್ಟ ಅಂತ ಬರೆದಿರೋ ಕಾಗದಾನ ಯಾವಳು ದುಡ್ಡು ಕೊಟ್ಟು ತಗೊಂತಾಳೆ? ನಂಬರು ಹಾಕು, ಸಾಕು."

ಅಮ್ಮ ನೇರವಾಗಿ ಸೊಸೆಯ ಮುಖ ನೋಡಿ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅತ್ತಿಗೆಗೆ ಅದೇ ಹಬ್ಬವಾಯಿತು. ಬರೆದದ್ದನ್ನು ಅಳಿಸಿ, ದೊಡ್ಡದಾಗಿ ಏಳು ಎಂದು ಮಾತ್ರ ಬರೆದಳು. ಒಳಗೆ ಎಡ, ಬಲ ಎಂದು ಚಿಕ್ಕ ಗುರುತು ಹಾಕಿದ್ದಳು, ಅದೂ ಸಿಂಹಳದ ಕೈಬರಹದ ಹಾಗೆ ದುಂಡು ದುಂಡಾಗಿ, ನೋಡಿದವರು ಹೂವಿನ ಚಿತ್ತಾರ ಅನ್ನಬೇಕು.

ಅಷ್ಟರಲ್ಲಿ ಎರಡು ಸಂಗತಿ ಒಂದೇ ವಾರದಲ್ಲಿ ಬಂದವು. ಜೋರ್ಡಾನಿನ ಹಳೆಯ ಫ್ಯಾಕ್ಟರಿಯವರು ಫೋನ್ ಮಾಡಿ ಪ್ಯಾಟ್ರನ್ ವಿಭಾಗಕ್ಕೆ ಮುಖ್ಯಸ್ಥಳಾಗಿ ಬಾ, ಮೂರು ವರ್ಷದ ಕರಾರು, ಬರುವ ತಿಂಗಳ ಮೊದಲ ಸೋಮವಾರ ಉತ್ತರ ಹೇಳು ಎಂದರು. ಮೇಲೂರಿನ ಮಹಿಳಾ ಸಂಘದ ಅಧ್ಯಕ್ಷೆ ಅಮ್ಮಾಜಮ್ಮ, ಹಮೀದಾ ಬೇಗಂ ಅವರ ರವಿಕೆ ನೋಡಿ ಮನಸೋತು, ಏಳನೇ ನಂಬರಿನ ಇಪ್ಪತ್ತು ಕವರು ಕೊಂಡುಹೋದರು. ಸಂಘದ ತುಂಬ ನೂಲಿನ ಕೆಲಸದವರೇ. ಅಮ್ಮನ ಮಾತು ನೆನೆದು ಅತ್ತಿಗೆ ಎಡ-ಬಲದ ವಿಷಯ ಬಾಯಲ್ಲೂ ಹೇಳಲಿಲ್ಲ.

ಅಣ್ಣ ಜೊತೆಗೆ ಹೋಗುವ ಹಾಗಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಅವನ ರಿಪೇರಿ ಅಂಗಡಿ, ಮನೆಯಲ್ಲಿ ಅಮ್ಮ. ನಿನ್ನಿಷ್ಟ ಎಂದ, ಆಮೇಲೆ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಗಂಡಸರ ನಿನ್ನಿಷ್ಟ ಅಂದರೆ ಅಷ್ಟೇ. ಅಮ್ಮ ಕೇಳಿಸಿಕೊಂಡೂ ಕೇಳಿಸದವಳ ಹಾಗಿದ್ದಳು. ನನಗೆ ಅತ್ತಿಗೆ ಹೋಗುವುದು ಬೇಡವಾಗಿತ್ತು. ಅದನ್ನು ಹೇಳಲು ಬಾಯಿ ಬರದೆ ಜೋರ್ಡಾನಿನ ಬಿಸಿಲನ್ನು ಬೈದೆ. ಅವಳು ಮಹಡಿಯ ಕಿಟಕಿಯಲ್ಲಿ ನಿಂತು, ನಂದಿ ಬೆಟ್ಟದ ಕಡೆಯ ಮೋಡ ನೋಡುತ್ತ, ಒಂದೇ ಮಾತು ಹೇಳಿದಳು.

"ಹತ್ತು ವರ್ಷ ಆಗೋಯ್ತು ಮಿತ್ರ. ಇಲ್ಲಿ ನಾನು ಯಾರಿಗಾದರೂ ಬೇಕಾ, ಬರೀ ಬಂದು ಕೂತಿದ್ದೀನಾ, ಅದು ನಂಗೆ ಗೊತ್ತಾಗಬೇಕು. ಮೇಲೂರು ಹೇಳ್ಲಿ."

ಮೇಲೂರು ಹೇಳಿತು. ಹದಿನೈದು ದಿನಕ್ಕೆ ಅಮ್ಮಾಜಮ್ಮ ಚೀಲದ ತುಂಬ ರವಿಕೆ ತುಂಬಿಕೊಂಡು ಬಂದು ನಮ್ಮ ಜಗುಲಿಯ ಮೇಲೆ ಸುರಿದರು. ಸಂಘದ ವಾರ್ಷಿಕೋತ್ಸವಕ್ಕೆ ನಲವತ್ತು ಹೆಂಗಸರು ಒಂದೇ ಬಣ್ಣದ ರವಿಕೆ ತಾವೇ ಹೊಲಿದು ತೊಟ್ಟಿದ್ದರು. ಅರ್ಧ ಜನರಿಗೆ ಎರಡೂ ಭುಜ ಮೇಲೆದ್ದು ಕಿವಿ ಮುಟ್ಟುವಂತಿತ್ತು, ಇನ್ನರ್ಧ ಜನರಿಗೆ ಎರಡೂ ಇಳಿದು ಕೈ ಎತ್ತಲಾಗಲಿಲ್ಲ. ಬಂದ ಅತಿಥಿಗಳು ಬಾಯಿಗೆ ಕರ್ಚೀಫು ಇಟ್ಟುಕೊಂಡು ನಕ್ಕರಂತೆ. ಊರ ಮುಂದೆ ಮಾನ ಹೋಯಿತು ಎಂದರು ಅಮ್ಮಾಜಮ್ಮ.

ಕೊಂಡದ್ದು ಇಪ್ಪತ್ತು ಕವರು, ಹೊಲಿದವರು ನಲವತ್ತು ಜನ ಹೇಗೆ? ಅತ್ತಿಗೆ ಮೆಲ್ಲಗೆ ಕೇಳಿದಳು. ಆಗ ಗೊತ್ತಾಯಿತು. ನಮ್ಮವರು ಬಟ್ಟೆಯನ್ನು ಎರಡು ಮಡಿಕೆ ಮಾಡಿಯೇ ಕತ್ತರಿಸುವುದು. ಅರ್ಧದ ಕಾಗದ ಒಂದಿದ್ದರೆ ಇಡೀ ರವಿಕೆ ಬರುತ್ತದೆ. ಕವರು ಬಿಚ್ಚಿದರೆ ಪ್ರತಿಯೊಂದೂ ಎರಡೆರಡಿದೆ. ಪರದೇಶದ ಹುಡುಗಿ ಧಾರಾಳವಾಗಿ ಜೋಡಿ ಹಾಕಿದ್ದಾಳೆ, ಒಂದು ನಿನಗೆ ಒಂದು ನನಗೆ ಎಂದು ಪಾಲು ಮಾಡಿಕೊಂಡರು. ಒಬ್ಬಳಿಗೆ ಎಡಭುಜ ಹೋಯಿತು, ಪಕ್ಕದ ಮನೆಯವಳಿಗೆ ಬಲಭುಜ. ಒಬ್ಬಟ್ಟನ್ನು ಮುರಿದು ಹಂಚಿಕೊಳ್ಳುವ ಜನ ಕಾಗದವನ್ನು ಬಿಡುತ್ತಾರೆಯೇ? ನನಗೆ ನಗು ತಡೆಯಲಾಗಲಿಲ್ಲ. ಅತ್ತಿಗೆ ನಗಲಿಲ್ಲ. ನಿಮ್ಮ ಎರಡು ಭುಜ ಒಂದೇ ತರ ಇಲ್ಲ, ಅದಕ್ಕೇ ಎರಡು ಬರೆದೆ ಎಂದುಬಿಟ್ಟಳು.

ಅಮ್ಮಾಜಮ್ಮ ಎದ್ದು ನಿಂತರು. ಅಂದರೆ ನಮ್ಮ ಮೈ ಸೊಟ್ಟ ಅಂತ ಎಲ್ಲಿಂದಲೋ ಬಂದವಳು ಹೇಳಬೇಕಾ ಎಂದು ಕೇಳಿ, ಸೆರಗು ಬಿಗಿಯಾಗಿ ಹೊದ್ದು ಹೊರಟೇಹೋದರು. ಮಾತು ಅವರಿಗಿಂತ ಮುಂಚೆ ಊರೂರು ಮುಟ್ಟಿತು. ಗೌರಿಬಿದನೂರಿನ ಅಂಗಡಿಯವನು ಕವರು ವಾಪಸು ಕಳಿಸಿದ, ಚಿಂತಾಮಣಿಯವನು ಮೂಲೆಗೆ ತಳ್ಳಿದ. ಅತ್ತಿಗೆ ಮಹಡಿಯ ಕೋಣೆಯ ದಾರಗಳನ್ನು ಬಿಚ್ಚಿ ಕಾಗದಗಳನ್ನು ಸುತ್ತಿಟ್ಟಳು. ಗಾಳಿ ಬಂದರೂ ಅಲ್ಲಿ ಏನೂ ಅಲುಗಾಡಲಿಲ್ಲ. ಭಾನುವಾರ ಮೇಲೂರಿಗೆ ಹೋಗಿ ಕ್ಷಮೆ ಕೇಳುತ್ತೇನೆ, ಸೋಮವಾರ ಜೋರ್ಡಾನಿಗೆ ಫೋನ್ ಮಾಡಿ ಬರುತ್ತೇನೆ ಎಂದು ಹೇಳುತ್ತೇನೆ ಎಂದಳು. ಹೆದರಿದರೆ ಅವಳ ಕನ್ನಡ ಓಡಿಹೋಗುತ್ತದೆ, ಅದಕ್ಕೆ ಜೊತೆಗೆ ನಾನು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಬಸ್ಸಿನಲ್ಲಿ ಕೂತ ಮೇಲೆ ಅಮ್ಮ ಹತ್ತಿದಳು. ಎಲ್ಲಿಗೆ ಎಂದು ಕಂಡಕ್ಟರ್ ಕೇಳಿದರೆ ನಮ್ಮ ಕಡೆ ಕೈ ತೋರಿಸಿ, ಒಬ್ಬಳೇ ಮುಂದಿನ ಸೀಟಿನಲ್ಲಿ ಕೂತಳು. ಮಂಜು ಇನ್ನೂ ಬಿಟ್ಟಿರಲಿಲ್ಲ. ಹಿಪ್ಪುನೇರಳೆ ತೋಟಗಳು ಕಿಟಕಿಯಲ್ಲಿ ಕಂಡೂ ಕಾಣದ ಹಾಗೆ ಹಿಂದೆ ಸರಿಯುತ್ತಿದ್ದವು, ಸೊಪ್ಪಿನ ಹೊರೆ ಹೊತ್ತವರು ಮಂಜಿನಿಂದ ಬಂದು ಮಂಜಿಗೇ ಹೋಗುತ್ತಿದ್ದರು. ಅತ್ತಿಗೆ ಹಣೆಯನ್ನು ಕಿಟಕಿಗೆ ಒರಗಿಸಿ ಒಬ್ಬೊಬ್ಬರ ಬೆನ್ನನ್ನೂ ಕೊನೆಯ ಸಲ ನೋಡುವವಳಂತೆ ನೋಡುತ್ತಿದ್ದಳು. ದಾರಿ ಮುಗಿಯದಿದ್ದರೆ ಸಾಕಪ್ಪ ಅನ್ನಿಸಿತು ನನಗೆ.

ಸಂಘದ ಕೋಣೆಯಲ್ಲಿ ಚಾಪೆಯ ಮೇಲೆ ಮೂವತ್ತು ನಲವತ್ತು ಜನ ಕೂತಿದ್ದರು. ಎಲ್ಲರ ಸೆರಗೂ ಭುಜದ ಮೇಲೆ ಭದ್ರ. ನಾನು ಟೀಚರ್ ದನಿಯಲ್ಲಿ ಮಾತು ಶುರು ಮಾಡಿದೆ. ತಪ್ಪು ಯಾರದೂ ಅಲ್ಲ, ತಿಳಿವಳಿಕೆಯ ಕೊರತೆ ಇತ್ಯಾದಿ. ಒಬ್ಬರೂ ತಲೆ ಎತ್ತಲಿಲ್ಲ. ಅತ್ತಿಗೆ ಕೈ ಮುಗಿದು ನಿಂತಳು.

ಆಗ ಅಮ್ಮ ಗೋಡೆ ಹಿಡಿದು ಎದ್ದಳು. ನಡುವೆ ಬಂದು, ಆ ಹೆಂಗಸರಿಗೆ ಬೆನ್ನು ಮಾಡಿ ನಿಂತು, ಸೆರಗನ್ನು ಭುಜದಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಅರವತ್ತೇಳು ವರ್ಷದ ನನ್ನ ತಾಯಿಯ ಭುಜವನ್ನು ನಾನು ಹಗಲಿನಲ್ಲಿ ನೋಡಿದ್ದು ಆವತ್ತೇ. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಕೆಳಗಿತ್ತು.

"ನೋಡ್ಕೊಳ್ರಮ್ಮ. ನಲವತ್ತು ವರ್ಷ ಚರಕ ತಿರುಗಿಸಿದ ಭುಜ ಇದು. ನನ್ನ ಮಕ್ಕಳಿಗೆ ಅನ್ನ ಹಾಕಿರೋದು ಇದೇ. ಇದನ್ನ ಬರೀಬೇಡ ಅಂತ ಆ ಹುಡ್ಗಿ ಕೈ ಹಿಡ್ಕೊಂಡವಳು ನಾನು. ಅವಳು ಬರೆದಿದ್ರೆ ನಿಮ್ಗೆ ಈ ಎಡವಟ್ಟು ಆಗ್ತಿರ್ಲಿಲ್ಲ. ಬೈಯೋದಿದ್ರೆ ನನ್ನ ಬೈರಿ."

ಯಾರೂ ಬೈಯಲಿಲ್ಲ. ಹೊರಗೆ ಎಲ್ಲೋ ನೂಲಿನ ಮನೆಯ ಮೋಟಾರು ಗುಯ್ಯೆನ್ನುತ್ತಿತ್ತು. ಅಮ್ಮಾಜಮ್ಮ ಬಹಳ ಹೊತ್ತು ಅಮ್ಮನ ಬೆನ್ನನ್ನೇ ನೋಡಿದರು. ಆಮೇಲೆ ತಮ್ಮ ಸೆರಗನ್ನು ಭುಜದಿಂದ ಇಳಿಸಿ ಮಡಿಲಲ್ಲಿ ಇಟ್ಟುಕೊಂಡರು. ಅವರ ಪಕ್ಕದವಳು ಇಳಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ನಾನು ನಿಂತಲ್ಲೇ ಅಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಮ್ಮ ತಿರುಗದೆಯೇ ಅತ್ತಿಗೆಗೆ ಟೇಪು ತೆಗೆ ಎಂದಳು. ಅತ್ತಿಗೆ ಬ್ಯಾಗಿನಲ್ಲಿ ಹುಡುಕಿ, ಬೀಳಿಸಿ, ಎತ್ತಿಕೊಂಡು ಬಂದಳು. ಹತ್ತು ವರ್ಷದಲ್ಲಿ ಮೊದಲ ಸಲ ಅವಳ ಬೆರಳು ಅಮ್ಮನ ಭುಜ ಮುಟ್ಟಿತು. ಕುತ್ತಿಗೆಯಿಂದ ಎಡಕ್ಕೆ ಅಳೆದಳು, ಬಲಕ್ಕೆ ಅಳೆದಳು, ಮತ್ತೊಮ್ಮೆ ಬಲಕ್ಕೆ. ಇಷ್ಟು ನಿಧಾನವಾಗಿ ಅವಳು ಯಾರನ್ನೂ ಅಳೆದದ್ದಿಲ್ಲ. ಅಮ್ಮ ಅಲುಗಾಡದೆ ನಿಂತಿದ್ದಳು. ಸೋಮವಾರದ ವಿಷಯ ಅವಳ ಬಾಯಲ್ಲಿ ಅದುವರೆಗೂ ಬಂದಿರಲಿಲ್ಲ. ಈಗ ಬಂತು, ಮೆಲ್ಲಗೆ, ನಮ್ಮಿಬ್ಬರಿಗೆ ಮಾತ್ರ ಕೇಳುವಷ್ಟು.

"ಇದು ಇನ್ನೂ ಇಳೀತದೆ ಕಣಮ್ಮ. ವರ್ಷವರ್ಷ ಇಳೀತಾನೇ ಐತೆ. ಮೂರು ವರ್ಷ ಬಿಟ್ಟು ಬಂದ್ರೆ ಯಾವ ಅಳತೆ ಇಟ್ಕೊಂಡು ಹೊಲೀತೀಯ ನಂಗೆ?"

ಅತ್ತಿಗೆ ನೆಲದ ಮೇಲೆ ಕೂತು ಅಳತೆಯ ಪುಸ್ತಕ ತೆರೆದು, ಹೊಸ ಹಾಳೆಯಲ್ಲಿ ಆಂಜಿನಮ್ಮ ಎಂದು ತನ್ನ ದುಂಡು ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಭುಜದ ಅಳತೆ, ಆ ದಿನದ ತಾರೀಖು ಹಾಕಿದಳು. ಆಮೇಲೆ ಪಕ್ಕಕ್ಕೆ ಸ್ಕೇಲು ಇಟ್ಟು ಒಂದು ಗೆರೆ ಎಳೆದು, ಮುಂದಿನ ವರ್ಷ ಎಂದು ಬರೆದಳು. ಅದರ ಪಕ್ಕ ಇನ್ನೊಂದು ಗೆರೆ, ಅದರ ಪಕ್ಕ ಇನ್ನೊಂದು, ಹಾಳೆಯ ಅಂಚು ಮುಟ್ಟುವವರೆಗೆ ಎಳೆಯುತ್ತಲೇ ಇದ್ದಳು.